ಯೋಜನೆಯ ಲೆಕ್ಕದಲ್ಲಿ ಯುವಜನರ ಪಾಲು

ರಾಷ್ಟ್ರದ ದೀರ್ಘಕಾಲೀನ ಯೋಜನೆ ಎಂದೊಡನೆ ನಮ್ಮ ಮನಸ್ಸು ದೆಹಲಿಯ ಕಡೆಗೆ ಹರಿಯುವುದು ಸಹಜ. 1950ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಯೋಜನಾ ಆಯೋಗ ರಚಿತವಾಯಿತು. 1951ರಲ್ಲಿ ಆರಂಭವಾದ ಪಂಚವಾರ್ಷಿಕ ಯೋಜನೆಗಳ ಸಾಲು ಹನ್ನೆರಡನೆಯದರೊಂದಿಗೆ 2017ರಲ್ಲಿ ಮುಗಿಯಿತು. 2015ರ ಜನವರಿ 1ರಿಂದ ಆಯೋಗದ ಸ್ಥಾನದಲ್ಲಿ ನೀತಿ ಆಯೋಗವಿದೆ. ಈಗ ಸ್ವಾತಂತ್ರ್ಯದ ನೂರನೆಯ ವರ್ಷವಾದ 2047ನ್ನು ಗುರಿಯಾಗಿಟ್ಟುಕೊಂಡು ಚರ್ಚೆಗಳು ನಡೆಯುತ್ತಿವೆ. ಆದರೆ ಇಂತಹ ಚಿಂತನೆಯ ಒಂದು ಪ್ರಬಲವಾದ ಬೇರು ನಮ್ಮ ಕನ್ನಡನಾಡಿನಲ್ಲಿಯೇ ಇದೆ. ದೇಶದ ಸಂಪತ್ತನ್ನು ಹೆಚ್ಚಿಸುವುದು ಹೇಗೆ, ಹೆಚ್ಚಿದ ಸಂಪತ್ತಿನಲ್ಲಿ ಯಾರಿಗೆ ಪಾಲು, ಅದರಲ್ಲಿಯೂ ಬೆಳೆಯುವ ಹುಡುಗನಿಗೆ ಯಾವ ಪಾಲು ಎಂಬ ಪ್ರಶ್ನೆಗಳು ಹಳೆಯ ಮೈಸೂರು ಸಂಸ್ಥಾನದಲ್ಲಿ ನೂರು ವರ್ಷಗಳ ಹಿಂದೆಯೇ ಒಂದಕ್ಕೊಂದು ಮುಖಾಮುಖಿಯಾಗಿ ನಿಂತಿದ್ದವು. ಆ ಇತಿಹಾಸವನ್ನು ಇಲ್ಲಿ ಸ್ವಲ್ಪ ವಿಚಾರಿಸುವುದು ನನ್ನ ಉದ್ದೇಶ.

1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ಅರ್ಥಿಕ ಸಮ್ಮೇಳನವು ಸ್ಥಾಪನೆಯಾಯಿತು. ಇದರ ಹಿಂದಿನ ಪ್ರೇರಣೆ ಆಗ ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರದು. ಸಮ್ಮೇಳನವೆಂದರೆ ಒಂದು ದಿನ ಕೂಡಿ, ಭಾಷಣ ಮಾಡಿ, ಚದುರಿಹೋಗುವ ಸಭೆಯಾಗಿರಲಿಲ್ಲ. ವಿದ್ಯಾಭ್ಯಾಸ, ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ವಿಷಯಗಳಿಗೆ ಮೂರು ಸಮಿತಿಗಳಿದ್ದವು. ಅಧಿಕಾರಿಗಳ ಜೊತೆಗೆ ಅಧಿಕಾರಿಗಳಲ್ಲದ ಗೃಹಸ್ಥರೂ ಅದರಲ್ಲಿ ಕುಳಿತು ವಿಚಾರ ಮಾಡಿದರು. ಆ ಮೂರರಲ್ಲಿ ವಿದ್ಯಾಭ್ಯಾಸವೂ ಒಂದಾಗಿತ್ತೆಂಬುದು ಗಮನಾರ್ಹ. ಅರ್ಥಿಕ ಅಭಿವೃದ್ಧಿಯ ಲೆಕ್ಕದೊಳಗೆ ಶಾಲೆಯನ್ನೂ ಸೇರಿಸಿದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. 1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ ಕಾರ್ಯಗಳು ಒಂದರ ಹಿಂದೆ ಒಂದರಂತೆ ಬಂದವು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಮತ್ತು ಮೈಸೂರು ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾನಿಲಯ ಮತ್ತು ವಾಣಿಜ್ಯೋದ್ಯಮ ಮಂಡಳಿ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು.

ಇವುಗಳಲ್ಲಿ ಗಂಧದ ಸಾಬೂನಿನ ಕಥೆಯನ್ನು ಮಾತ್ರ ವಿವರವಾಗಿ ಹೇಳಬೇಕು. ಅದರ ಪರಿಮಳ ನಮ್ಮ ಪಶ್ಚಿಮ ಬೆಂಗಳೂರಿನವರಿಗೆ ಇಂದಿಗೂ ಚಿರಪರಿಚಿತ. ಮೈಸೂರಿನ ಗಂಧದ ಮರ ಹಿಂದೆ ಹರಾಜಾಗಿ ಹೊರದೇಶಕ್ಕೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆಯೂ ಅದರ ಲಾಭವೂ ಅಲ್ಲಿಯವರದು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಆ ರಫ್ತಿಗೆ ತಡೆಯುಂಟಾಯಿತು. ಮರ ದಾಸ್ತಾನಾಗಿ ಉಳಿಯಿತು. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಇದೊಂದು ದೊಡ್ಡ ನಷ್ಟ. ಸಾಮಾನ್ಯನಾದವನು ಬೆಲೆ ಇಳಿಸಿ ಮಾರಿ ಕೈತೊಳೆದುಕೊಳ್ಳುತ್ತಿದ್ದ. ಸಂಸ್ಥಾನವು ಹಾಗೆ ಮಾಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ಶಾಸ್ತ್ರಜ್ಞರ ನೆರವಿನಿಂದ ಎಣ್ಣೆ ತೆಗೆಯುವ ಕ್ರಮವನ್ನು ಇಲ್ಲಿಯೇ ಸಿದ್ಧಪಡಿಸಲಾಯಿತು. ಕೈಗಾರಿಕಾ ಇಲಾಖೆಯ ಹೊಣೆ ಹೊತ್ತಿದ್ದ ಆಲ್ಫ್ರೆಡ್ ಚಾಟರ್ಟನ್ ಅವರ ಶ್ರಮವೂ ಇದರಲ್ಲಿತ್ತು. 1916ರಲ್ಲಿ ಮೈಸೂರಿನಲ್ಲಿ ಗಂಧದ ಎಣ್ಣೆಯ ಕಾರ್ಖಾನೆ ಪ್ರಾರಂಭವಾಯಿತು, 1918ರ ವೇಳೆಗೆ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯೂ ಬಂದಿತು. ಸಾಬೂನಿನ ವಿದ್ಯೆಯನ್ನು ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ರಸಾಯನ ಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಹೊರಗಿನ ನಿಪುಣನನ್ನು ಸಂಬಳಕ್ಕೆ ಕರೆತರುವುದು ಸುಲಭದ ದಾರಿ. ನಮ್ಮವನೊಬ್ಬನನ್ನು ಕಳುಹಿಸಿ, ಕಲಿಸಿ, ಅವನು ಹಿಂದಿರುಗುವವರೆಗೆ ಕಾಯುವುದು ದೂರದೃಷ್ಟಿಯ ದಾರಿ. ಈ ಎರಡನೆಯದನ್ನೇ ನಾನು ಯೋಜನೆಯೆಂದು ಕರೆಯುತ್ತೇನೆ.

ಇಷ್ಟೆಲ್ಲ ಕೀರ್ತಿಯ ನಡುವೆ 1918ನೆಯ ಇಸವಿಯಲ್ಲಿ ಒಂದು ಕಠಿಣವಾದ ಪ್ರಶ್ನೆ ಎದುರಾಯಿತು. ಶಾಲೆಗಳು ಹೆಚ್ಚಿದವು, ಸರ್ಕಾರಿ ಹುದ್ದೆಗಳು ಹೆಚ್ಚಿದವು, ಆದರೆ ಆ ಹುದ್ದೆಗಳಲ್ಲಿ ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದವು. ಉಳಿದ ಸಮುದಾಯಗಳ ಮುಖಂಡರು ಮಹಾರಾಜರಲ್ಲಿ ಅಹವಾಲು ಸಲ್ಲಿಸಿದರು. ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲಿನಷ್ಟು ಹಿಂದುಳಿದ ಸಮುದಾಯಗಳಿಗೆ ದೊರೆಯುವಂತಾಗಬೇಕೆಂದು ಸಮಿತಿಯು 1919ರಲ್ಲಿ ಶಿಫಾರಸು ಮಾಡಿತು. ವಿಶ್ವೇಶ್ವರಯ್ಯನವರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ. ಅರ್ಹತೆಯೊಂದೇ ಅಳತೆಗೋಲಾಗಬೇಕೆಂಬುದು ಅವರ ನಿಲುವು. ವರದಿ ಬರುವುದಕ್ಕೆ ಮೊದಲೇ, 1918ರ ಕೊನೆಯಲ್ಲಿ, ಅವರು ದಿವಾನಗಿರಿಯಿಂದ ನಿವೃತ್ತರಾದರು.

ನಮ್ಮ ನಾಡಿನಲ್ಲಿ ವಿಶ್ವೇಶ್ವರಯ್ಯನವರ ವಿಷಯ ಬಂದಾಗ ಈ ಅಧ್ಯಾಯವನ್ನು ಮೆಲ್ಲಗೆ ದಾಟಿಹೋಗುವ ರೂಢಿಯಿದೆ. ಅದು ಸಲ್ಲದು. ಅವರ ಪ್ರಾಮಾಣಿಕತೆಯಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಈ ವಿಷಯದಲ್ಲಿ ಹೆಚ್ಚು ದೂರವನ್ನು ಕಂಡವರು ಮಹಾರಾಜರೆಂದು ನನ್ನ ಅಭಿಪ್ರಾಯ. ಬಂಡವಾಳವನ್ನು ಬೆಳೆಸುವುದು, ಲಾಭವನ್ನು ಹಂಚುವುದು ಎರಡೂ ಬೇರೆ ಬೇರೆ ಕಲಮುಗಳಾದರೂ ಲೆಕ್ಕದ ಪುಸ್ತಕ ಒಂದೇ. ಪಾಲುದಾರರಲ್ಲಿ ಬಹುಮಂದಿ ಹೊರಗೆ ನಿಂತಿರುವ ಅಂಗಡಿಯು ಎಷ್ಟು ಲಾಭ ತೋರಿಸಿದರೂ ಬಹುಕಾಲ ಬಾಳುವುದಿಲ್ಲವೆಂಬುದನ್ನು ವಾಣಿಜ್ಯದಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿಶ್ವೇಶ್ವರಯ್ಯನವರು ಅನಂತರವೂ ಸುಮ್ಮನೆ ಕೂರಲಿಲ್ಲ. 1934ರಲ್ಲಿ ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ ಪ್ರಕಟವಾಯಿತು. ಹತ್ತು ವರ್ಷಗಳಲ್ಲಿ ರಾಷ್ಟ್ರದ ಆದಾಯವನ್ನು ಇಮ್ಮಡಿಗೊಳಿಸುವುದು, ವ್ಯವಸಾಯವನ್ನೇ ನಂಬಿದ ಜನರಲ್ಲಿ ಒಂದು ಭಾಗವನ್ನು ಕೈಗಾರಿಕೆಗೆ ತರುವುದು ಅದರ ಗುರಿ. ದೆಹಲಿಯ ಆಯೋಗಕ್ಕಿಂತ ಹದಿನಾರು ವರ್ಷ ಮೊದಲಿನ ಮಾತಿದು. ನನಗೆ ಆ ಗ್ರಂಥಕ್ಕಿಂತಲೂ ಅವರ ಇನ್ನೊಂದು ಚಿಕ್ಕ ಕೆಲಸ ದೊಡ್ಡದಾಗಿ ಕಾಣುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷರಾಗಿದ್ದಾಗ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಮುಟ್ಟಲಿಲ್ಲ. ಆ ಹಣದಿಂದ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಯೊಂದು ಬೆಂಗಳೂರಿನಲ್ಲಿ ಆಗಲಿ ಎಂದರು. ಸಂಸ್ಥೆಗೆ ಅವರ ಹೆಸರಿಡುವ ಪ್ರಸ್ತಾಪ ಬಂದಾಗ ಒಪ್ಪದೆ ರಾಜಕುಮಾರರ ಹೆಸರನ್ನು ಸೂಚಿಸಿದರು. ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂದು ಆರಂಭವಾದ ಅದೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ದಾನ ಕೊಟ್ಟವರ ಹೆಸರು ಕಲ್ಲಿನ ಮೇಲೆ ಎಷ್ಟು ದೊಡ್ಡ ಅಕ್ಷರದಲ್ಲಿರಬೇಕೆಂಬ ಚರ್ಚೆಯಲ್ಲಿ ಸಭೆಯ ಅರ್ಧ ಹೊತ್ತು ಕಳೆಯುವುದನ್ನು ಕಂಡ ನಮ್ಮಂಥವರಿಗೆ ಇದು ನೆನಪಿಡತಕ್ಕ ಸಂಗತಿ.

ಇನ್ನು ನಮ್ಮ ರಾಜಾಜಿನಗರದ ಮಾತು. ಇಂದು ಇದನ್ನು ವಸತಿ ಬಡಾವಣೆಯೆಂದೇ ಎಲ್ಲರೂ ತಿಳಿದಿದ್ದಾರೆ. ಆದರೆ 1949ರಲ್ಲಿ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಇದು ಹುಟ್ಟಿದ್ದು ಕೈಗಾರಿಕಾ ಉಪನಗರವಾಗಿ. ದುಡಿಯುವ ಸ್ಥಳವೂ ದುಡಿಯುವವನ ಮನೆಯೂ ಒಂದರ ಬಳಿಯಲ್ಲಿ ಒಂದಿರಬೇಕೆಂಬುದು ಆ ಕಲ್ಪನೆಯ ತಿರುಳು. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯು ಯಶವಂತಪುರದ ಕಡೆಯ ಈ ಪ್ರದೇಶಕ್ಕೆ ಸ್ಥಳಾಂತರವಾಯಿತು. ಅಂದರೆ ಯುದ್ಧಕಾಲದಲ್ಲಿ ಹುಟ್ಟಿದ ಒಂದು ಯೋಚನೆ ನಾಲ್ಕು ದಶಕಗಳ ಮೇಲೆ ನಮ್ಮ ಬಡಾವಣೆಯ ಯುವಕರಿಗೆ ಅನ್ನವಾಯಿತು. ಸಣ್ಣ ಕೈಗಾರಿಕೆಗಳಿಗೆ ಶೆಡ್ಡುಗಳನ್ನು ಒದಗಿಸುವ ಸರ್ಕಾರಿ ನಿಗಮವು 1960ರಲ್ಲಿ ಹುಟ್ಟಿತು. ಅದರ ಮುಖ್ಯ ಕಛೇರಿ ಇರುವುದೂ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿಯೇ. ಲೇತ್ ಯಂತ್ರದ ಮುಂದೆ ಸಹಾಯಕನಾಗಿ ನಿಂತ ಹುಡುಗ ಕೆಲವು ವರ್ಷಗಳಲ್ಲಿ ತಾನೇ ಒಂದು ಶೆಡ್ಡು ಹಿಡಿಯುವುದು ಇಲ್ಲಿ ಅಪರೂಪವಾಗಿರಲಿಲ್ಲ. ಮುಂದೆ ಪೀಣ್ಯ ಬೆಳೆಯಿತು, ಬಸವೇಶ್ವರನಗರ ವಿಜಯನಗರಗಳಲ್ಲಿ ಮನೆಗಳು ತುಂಬಿದವು, ನಗರ ಕೆಂಗೇರಿಯನ್ನು ದಾಟಿತು. ನೆಲದ ಬೆಲೆ ಏರಿದಂತೆ ಕಾರ್ಖಾನೆಗಳು ಹೊರಗೆ ಸರಿದವು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ನೆಲದಲ್ಲಿ ಇಂದು ಒರಾಯನ್ ಮಾಲ್ ಇದೆ. ಅದನ್ನು ಹಳಿಯುವುದು ನನ್ನ ಇಚ್ಛೆಯಲ್ಲ, ವ್ಯಾಪಾರ ನನ್ನ ಕಸುಬೂ ಹೌದು. ಆದರೆ ಕಾರ್ಖಾನೆಯಲ್ಲಿ ಹುಡುಗನೊಬ್ಬ ಕೆಲಸದ ಜೊತೆಗೆ ಕಸುಬನ್ನೂ ಕಲಿಯುತ್ತಿದ್ದ. ಮಾರಾಟದ ಮಳಿಗೆಯಲ್ಲಿ ಅವನು ಹೆಚ್ಚಿನ ಮಟ್ಟಿಗೆ ಹೊತ್ತು ಕಳೆಯುವುದನ್ನು ಕಲಿಯುತ್ತಾನೆ. ಬಿ.ಕಾಂ. ಪದವಿ ಪಡೆದು ಅಂಗಡಿಗೆ ಕೆಲಸ ಕೇಳಿಕೊಂಡು ಬರುವ ತರುಣರಲ್ಲಿ ಕಿರ್ದಿಯಿಂದ ಖಾತೆಗೆ ಒಂದು ಪುಟ ಏರಿಸಬಲ್ಲವರು ವಿರಳ. ತಪ್ಪು ಅವರದಲ್ಲ; ಯಾರೂ ಅವರ ಕೈಗೆ ಪುಸ್ತಕ ಕೊಟ್ಟು ಪಕ್ಕದಲ್ಲಿ ಕುಳಿತಿಲ್ಲ.

ಈ ಕೊರತೆಗೆ ಕರ್ನಾಟಕದಲ್ಲಿಯೇ ಒಂದು ಉತ್ತರ ಸಿದ್ಧವಾಯಿತು, ಅದೂ ನಮ್ಮ ಸಮಾಜದ ಒಬ್ಬ ಹಿರಿಯರ ಮುಂದಾಳುತನದಲ್ಲಿ. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ, ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. (ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) ನಿರುದ್ಯೋಗಿ ತರುಣ ತರುಣಿಯರಿಗೆ ಊಟ ವಸತಿಯೊಡನೆ ಉಚಿತವಾದ ಅಲ್ಪಾವಧಿಯ ತರಬೇತಿ ಅದರ ಕ್ರಮ. ಕಸುಬಿನ ಜೊತೆಗೆ ಬಂಡವಾಳದ ಲೆಕ್ಕ, ಬ್ಯಾಂಕಿನ ವ್ಯವಹಾರ, ಗಿರಾಕಿಯೊಡನೆ ನಡೆದುಕೊಳ್ಳುವ ರೀತಿ ಇವನ್ನೂ ಕಲಿಸಲಾಗುತ್ತದೆ. ತರಬೇತಿ ಮುಗಿಸಿದವನನ್ನು ಅಲ್ಲಿಗೇ ಬಿಡದೆ ಎರಡು ವರ್ಷಗಳ ಕಾಲ ಸಂಪರ್ಕದಲ್ಲಿಟ್ಟುಕೊಂಡು ಸಲಹೆ ನೀಡುವುದು ಇದರ ವೈಶಿಷ್ಟ್ಯ. ನನ್ನ ತಿಳಿವಳಿಕೆಯಂತೆ ಇದರ ಜೀವಾಳವಿರುವುದು ಇಲ್ಲಿ. ಸಾಲ ಕೊಟ್ಟು ಮರೆಯುವ ಯೋಜನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಎರಡು ವರ್ಷ ಜೊತೆಗೆ ನಡೆಯುವಂಥವು ಕಡಿಮೆ. ಕೇಂದ್ರ ಸರ್ಕಾರವು 2009ರಲ್ಲಿ ಇದೇ ಮಾದರಿಯನ್ನು ಅಂಗೀಕರಿಸಿ, ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ನಡೆಸಲು ನಿರ್ಧರಿಸಿತು. ಇಂದು ದೇಶದಲ್ಲಿ ಅಂತಹ 500ಕ್ಕೂ ಹೆಚ್ಚು ಸಂಸ್ಥೆಗಳಿವೆ. ದೆಹಲಿಯಿಂದ ಹಳ್ಳಿಗೆ ಯೋಜನೆ ಇಳಿಯುವುದನ್ನು ನಾವು ಕೇಳಿದ್ದೇವೆ. ಇಲ್ಲಿ ಉಜಿರೆಯದು ದೆಹಲಿಗೆ ಏರಿತು.

ಬಸದಿಗಳ ಆಡಳಿತ ನೋಡಿಕೊಳ್ಳುವ ಧರ್ಮಬಂಧುಗಳಲ್ಲಿ ಇಲ್ಲಿ ಒಂದು ವಿನಂತಿಯನ್ನು ಮಾಡಬೇಕಾಗಿದೆ. ಜೀರ್ಣೋದ್ಧಾರಕ್ಕೂ ಪಂಚಕಲ್ಯಾಣಕ್ಕೂ ಹಣ ಕೂಡುತ್ತದೆ, ಕೂಡಲಿ. ವಿದ್ಯಾರ್ಥಿವೇತನವನ್ನೂ ಅನೇಕ ಟ್ರಸ್ಟುಗಳು ನೀಡುತ್ತಿವೆ. ಆದರೆ ಜೂನ್ ತಿಂಗಳಲ್ಲಿ ಒಂದು ಚೆಕ್ಕನ್ನು ಕೊಟ್ಟು, ಮಾರ್ಚ್ ತಿಂಗಳಲ್ಲಿ ಆ ಹುಡುಗ ಏನಾದನೆಂದು ವಿಚಾರಿಸುವ ಪದ್ಧತಿ ಎಷ್ಟು ಕಡೆ ಇದೆ? ನಮ್ಮ ನಾಲ್ಕೂ ಬಡಾವಣೆಗಳಲ್ಲಿ ಅಂಗಡಿ, ಕಾರ್ಖಾನೆ, ಲೆಕ್ಕಪರಿಶೋಧಕರ ಕಛೇರಿ ನಡೆಸುವ ಶ್ರಾವಕರಿದ್ದಾರೆ. ಪ್ರತಿಯೊಬ್ಬರೂ ವರ್ಷಕ್ಕೆ ಒಬ್ಬ ತರುಣನನ್ನೋ ತರುಣಿಯನ್ನೋ, ಅವರು ಯಾವ ಸಮುದಾಯದವರೇ ಆಗಿರಲಿ, ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿ, ಎರಡು ವರ್ಷ ವಿಚಾರಿಸಿಕೊಳ್ಳುವುದಾದರೆ ಅದಕ್ಕೆ ಕಟ್ಟಡವೂ ಬೇಕಿಲ್ಲ, ಸಮಾರಂಭವೂ ಬೇಕಿಲ್ಲ. ಟ್ರಸ್ಟಿನವರು ಒಂದು ಪುಸ್ತಕದಲ್ಲಿ ಕಲಿಸುವವರ ಹೆಸರು, ಕಲಿಯುವವರ ಹೆಸರು, ಸೇರಿದ ದಿನಾಂಕ ಇವನ್ನು ಬರೆದಿಟ್ಟುಕೊಂಡು ವಾರ್ಷಿಕ ಸಭೆಯಲ್ಲಿ ಜಮಾ-ಖರ್ಚಿನ ಜೊತೆಗೆ ಅದನ್ನೂ ಓದಿದರೆ ಸಾಕು. ಸರ್ಕಾರದ ವ್ಯವಸ್ಥೆಯೇ ಬೇಕೆನ್ನುವವರಿಗೆ ನೆಲಮಂಗಲದ ಬಳಿ ರುಡ್‌ಸೆಟ್ ಸಂಸ್ಥೆಯ ಒಂದು ಕೇಂದ್ರವಿದೆ. ಆ ಕಡೆಯ ಹಳ್ಳಿಗಳಲ್ಲಿ ಬಂಧುಗಳಿರುವವರು ಅಲ್ಲಿಯ ತರುಣರಿಗೆ ಈ ವಿಷಯವನ್ನು ತಿಳಿಸಬಹುದು.