ವಾತಾಪಿ, ಹೊರಗೆ ಬಾ: ಒಂದು ಕರಾಳ ಕಥೆಯೊಳಗೆ ಅಡಗಿರೋ ಬಾದಾಮಿ

ಇವತ್ತು ಬಾದಾಮಿಗೆ ಹೋಗೋಣ. ಆದ್ರೆ ಬಸ್ಸಲ್ಲಿ ಅಲ್ಲ, ಒಂದು ಮೊಬೈಲ್ ಗೇಮ್ ದಾರಿಯಲ್ಲಿ.

ಹಿಡನ್ ಆಬ್ಜೆಕ್ಟ್ ಗೇಮ್ ನೀವು ಆಡಿರ್ತೀರಿ, ಇಲ್ಲ ಅಂದ್ರೂ ಜಾಹೀರಾತಲ್ಲಾದ್ರೂ ನೋಡಿರ್ತೀರಿ. ತುಂಬಾ ಸಾಮಾನು ಹರಡಿರೋ ಒಂದು ಹಳೇ ಕೋಣೆ. ಕೆಳಗೆ ಒಂದು ಪಟ್ಟಿ: ಬೀಗದ ಕೈ, ಕನ್ನಡಿ, ಕಾಗೆ, ಒಡೆದ ಗೊಂಬೆ. ಹುಡುಕಿ ಬೆರಳಿಟ್ರೆ ಅದು ಚಿತ್ರದಿಂದ ಮಾಯವಾಗಿ ನಿಮ್ಮ ಚೀಲಕ್ಕೆ ಬೀಳತ್ತೆ. 2005ರಲ್ಲಿ ಬಂದ ಬಿಗ್ ಫಿಶ್ ಕಂಪನಿಯ 'ಮಿಸ್ಟರಿ ಕೇಸ್ ಫೈಲ್ಸ್' ಈ ಆಟವನ್ನ ಮನೆಮಾತು ಮಾಡ್ತು. 2010ರಲ್ಲಿ 'ಡಾರ್ಕ್ ಪ್ಯಾರಬಲ್ಸ್' ಅನ್ನೋ ಸರಣಿ ಶುರುವಾಯ್ತು. ಅಲ್ಲಿ ನಿದ್ದೆ ಹೋದ ರಾಜಕುಮಾರಿಯ ಕಥೆ ಮಕ್ಕಳ ಕಥೆಯಾಗಿ ಉಳಿಯಲ್ಲ. ಶಾಪ, ಮುಳ್ಳು, ಸಾವು ಎಲ್ಲ ಬರತ್ತೆ. ನೀವು ಪತ್ತೇದಾರರು.

ಈ ಕತ್ತಲೆ ಗೇಮ್‌ನವರು ಹೊಸದಾಗಿ ಸೇರಿಸಿದ್ದಲ್ಲ. 1812ರಲ್ಲಿ ಗ್ರಿಮ್ ಸಹೋದರರು ಜರ್ಮನಿಯಲ್ಲಿ ಅಚ್ಚು ಹಾಕಿಸಿದ ಕಥೆಗಳಲ್ಲೇ ಅದು ಇತ್ತು. ಅದರಲ್ಲಿ ಒಂದು ಜೂನಿಪರ್ ಮರದ ಕಥೆ. ಮಲತಾಯಿ ಮಗನನ್ನ ಕೊಂದು ಅಡುಗೆ ಮಾಡಿ ಅಪ್ಪನಿಗೇ ಬಡಿಸ್ತಾಳೆ. ಹುಡುಗ ಹಕ್ಕಿಯಾಗಿ ಹಾಡ್ತಾ ಬಂದು, ಕೊನೆಗೆ ಮತ್ತೆ ಹುಡುಗನಾಗ್ತಾನೆ. ಬೇಯಿಸಿದ ಜೀವ ತಿರುಗಿ ಬರೋ ಕಥೆ. ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ಇಂಥದ್ದೇ ಕಥೆ ಬಾಗಲಕೋಟೆ ಜಿಲ್ಲೆಯ ಒಂದು ಊರಿನ ಹೆಸರಿನಲ್ಲೇ ಅಡಗಿದೆ.

ಇಲ್ವಲನ ಮನೆ ಊಟ

ಕಥೆ ನಿಮಗೆ ಗೊತ್ತಿರೋದೇ. ಇಲ್ವಲ, ವಾತಾಪಿ ಅಣ್ಣ ತಮ್ಮ, ರಾಕ್ಷಸರು. ತಮ್ಮ ಟಗರಾಗ್ತಾನೆ. ಅಣ್ಣ ಅದನ್ನ ಕಡಿದು ಅಡುಗೆ ಮಾಡಿ ಮನೆಗೆ ಬಂದ ಬ್ರಾಹ್ಮಣರಿಗೆ ಬಡಿಸ್ತಾನೆ. ಊಟ ಮುಗಿದ ಮೇಲೆ 'ವಾತಾಪಿ, ಹೊರಗೆ ಬಾ' ಅಂತಾನೆ. ಅತಿಥಿಯ ಹೊಟ್ಟೆ ಸೀಳಿ ತಮ್ಮ ನಗ್ತಾ ಬರ್ತಾನೆ. ಕೊನೆಗೆ ಅಗಸ್ತ್ಯ ಬಂದು, ತಿಂದು, ಅರಗಿಸಿಕೊಂಡುಬಿಡ್ತಾರೆ. ಇವತ್ತಿಗೂ ಹಾಲು ಕುಡಿದ ಕೂಸಿನ ಹೊಟ್ಟೆ ಸವರಿ 'ವಾತಾಪಿ ಜೀರ್ಣೋಭವ' ಅನ್ನೋ ಅಜ್ಜಿಯರಿದ್ದಾರೆ.

ನಾವು ಮರೆತಿರೋದು ಈ ಕಥೆಯ ಉಳಿದ ಭಾಗ. ಮಹಾಭಾರತದ ವನಪರ್ವದಲ್ಲಿ ಅಗಸ್ತ್ಯರು ಅಲ್ಲಿಗೆ ರಾಕ್ಷಸರನ್ನ ಕೊಲ್ಲೋಕೆ ಹೋದದ್ದಲ್ಲ, ದುಡ್ಡು ಕೇಳೋಕೆ ಹೋದದ್ದು. ಹೆಂಡತಿ ಲೋಪಾಮುದ್ರೆ ವಿದರ್ಭದ ರಾಜಕುಮಾರಿ. ತವರಿನಂಥ ಬದುಕು ಬೇಕು ಅಂದಳು. ಅಗಸ್ತ್ಯರು ಮೂರು ರಾಜರ ಹತ್ರ ಹೋದ್ರು. ಮೂವರೂ ಲೆಕ್ಕ ತೋರಿಸಿದ್ರು. ಆದಾಯ ಎಷ್ಟೋ ಖರ್ಚೂ ಅಷ್ಟೇ. ಇವರಿಂದ ತಗೊಂಡ್ರೆ ಪ್ರಜೆಗಳಿಗೆ ಕಷ್ಟ ಅಂತ ಅಗಸ್ತ್ಯರು ಬಿಟ್ಟುಬಿಟ್ರು. ನಿಜವಾಗ್ಲೂ ದುಡ್ಡಿರೋನು ಇಲ್ವಲ ಅಂತ ನಾಲ್ವರೂ ಅಲ್ಲಿಗೆ ಹೋದ್ರು. ಇಲ್ವಲನಿಗೂ ಒಂದು ಸಿಟ್ಟಿತ್ತು: ಇಂದ್ರನಂಥ ಮಗ ಬೇಕು ಅಂತ ಒಬ್ಬ ಬ್ರಾಹ್ಮಣನನ್ನ ಕೇಳಿದ್ದ, ಅವನು ಕೊಡಲಿಲ್ಲ.

ಇನ್ನೊಂದು ವಿಷಯ. ಮಹಾಭಾರತದಲ್ಲಿ ಇಲ್ವಲನ ಊರಿನ ಹೆಸರು ಮಣಿಮತಿ. ಅಂದ್ರೆ ಕಥೆಯನ್ನ ಈ ಕೆಂಪು ಬಂಡೆಗಳಿಗೆ, ಅಗಸ್ತ್ಯತೀರ್ಥಕ್ಕೆ ಗಟ್ಟಿಯಾಗಿ ಕಟ್ಟಿದ್ದು ವಾತಾಪಿ ಅನ್ನೋ ಹೆಸರು. ಆ ಹೆಸರಿಗೆ ಕಲ್ಲಿನ ಸಾಕ್ಷಿ ಇದೆ. ಶಕ ವರ್ಷ 465, ಅಂದ್ರೆ ಕ್ರಿ.ಶ. 543ರಲ್ಲಿ, ಒಂದನೇ ಪುಲಕೇಶಿ ವಾತಾಪಿಯ ಬೆಟ್ಟವನ್ನ ಕೋಟೆ ಮಾಡಿದೆ ಅಂತ ಬಂಡೆ ಮೇಲೆ ಕೆತ್ತಿಸಿದ. ಅವನ ರಾಜಧಾನಿಗೆ ರಾಕ್ಷಸನ ಹೆಸರು, ಅದರಲ್ಲಿ ಅವನಿಗೆ ಒಂದಿಷ್ಟೂ ಮುಜುಗರ ಕಾಣಲ್ಲ.

ಎರಡನೇ ಅಡುಗೆ

ಈಗ ಪಟ್ಟಿಯಲ್ಲಿ ಮುಂದಿನ ವಸ್ತು. ಎರಡನೇ ಪುಲಕೇಶಿ ಹರ್ಷವರ್ಧನನನ್ನ ತಡೆದ ಸುದ್ದಿ ಐಹೊಳೆಯ ಮೇಗುತಿ ಗುಡಿಯಲ್ಲಿ, ಕ್ರಿ.ಶ. 634ರ ರವಿಕೀರ್ತಿಯ ಶಾಸನದಲ್ಲಿದೆ. ಅದಾಗಿ ಎಂಟೇ ವರ್ಷ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನ ಹಿಡಿದ, 'ವಾತಾಪಿಕೊಂಡ' ಅಂತ ಬಿರುದು ಇಟ್ಕೊಂಡ. ಅವನ ಶಾಸನವೊಂದು ಬಾದಾಮಿಯ ಬಂಡೆ ಮೇಲೇ ಇದೆ. ಸೋತವರ ಊರಲ್ಲಿ ಗೆದ್ದವನ ಸಹಿ. ಒಂದನೇ ವಿಕ್ರಮಾದಿತ್ಯ ಊರನ್ನ ಮರಳಿ ಪಡೆಯೋಕೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯ್ತು.

ಬಾದಾಮಿಯನ್ನ ಹಾಳು ಮಾಡಿದ ದಂಡನಾಯಕ ಯಾರು? 12ನೇ ಶತಮಾನದ ತಮಿಳು 'ಪೆರಿಯ ಪುರಾಣ' ಒಂದು ಹೆಸರು ಹೇಳತ್ತೆ: ಪರಂಜೋತಿ. ಯುದ್ಧ ಬಿಟ್ಟ ಮೇಲೆ ಅವನು ಶಿವಭಕ್ತ ಸಿರುತ್ತೊಂಡ ಆದ. ಅವನ ಮನೆಗೆ ಒಬ್ಬ ಭೈರವ ವೇಷದ ಅತಿಥಿ ಬಂದ. ಅವನಿಗೆ ಊಟಕ್ಕೆ ಬೇಕಾದದ್ದು ಆ ಮನೆಯ ಒಬ್ಬನೇ ಮಗ. ಗಂಡ ಹೆಂಡತಿ ಮಗನನ್ನೇ ಅಡುಗೆ ಮಾಡಿ ಬಡಿಸಿದ್ರು. ಅತಿಥಿ ಅಂದ: ಮಗನನ್ನ ಕರೀರಿ, ಜೊತೆಗೆ ಉಣ್ಣೋಣ. ಕರೆದ್ರು. ಮಗ ಬೀದಿಯಿಂದ ಓಡಿ ಬಂದ.

ಇಲ್ಲಿ ಸ್ವಲ್ಪ ನಿಲ್ಲಿ. ಬೇಯಿಸಿದವನನ್ನ ಹೆಸರು ಹಿಡಿದು ಕರೆಯೋದು, ಅವನು ಬರೋದು. ವಾತಾಪಿಯ ಕಥೆಯನ್ನ ತಿರುಗಿಸಿ ಹಿಡಿದ ಹಾಗಿದೆ. ಅಲ್ಲಿ ಅತಿಥಿಯನ್ನ ಕೊಲ್ಲೋಕೆ ಕರೀತಾರೆ, ಇಲ್ಲಿ ಅತಿಥಿ ಕರೆಸಿ ಮಗನನ್ನ ಉಳಿಸ್ತಾನೆ. ಇದರಿಂದ ಒಂದು ಕಥೆ ಇನ್ನೊಂದರಿಂದ ಹುಟ್ಟಿತು ಅಂತ ಸಾಬೀತಾಗಲ್ಲ. ಜರ್ಮನಿಯ ಹುಡುಗನೂ ಹೀಗೇ ಬಂದ ಅಲ್ವಾ? ಆದ್ರೆ ವಾತಾಪಿ ಊರನ್ನ ಸುಟ್ಟವನು ಅನ್ನೋ ಮನುಷ್ಯನ ಮನೆಯಲ್ಲೇ ಇಂಥ ಊಟದ ಕಥೆ ಬಂದು ಕೂತಿದ್ದು ಗಮನಿಸೋ ವಿಷಯ.

ಕನ್ನಡದಲ್ಲಿ ಏನಾಯ್ತು ನೋಡ್ರಿ. ಈ ಕಥೆ ಗಡಿ ದಾಟಿ ಇಲ್ಲಿಗೂ ಬಂತು. ಸಿರುತ್ತೊಂಡ ನಮ್ಮಲ್ಲಿ ಸಿರಿಯಾಳ ಆದ, ಹೆಂಡತಿ ಚೆಂಗಳೆ, ಮಗ ಚೀಲಾಳ. ಹುನಗುಂದ ತಾಲ್ಲೂಕಿನ ಕೂಡಲಸಂಗಮವನ್ನ ತನ್ನ ಅಂಕಿತದಲ್ಲೇ ಇಟ್ಟುಕೊಂಡ ಬಸವಣ್ಣನ ವಚನಗಳಲ್ಲಿ ಸಿರಿಯಾಳನ ಹೆಸರು ಬರತ್ತೆ. ಆದ್ರೆ ಕನ್ನಡದ ಸಿರಿಯಾಳ ದಂಡನಾಯಕ ಅಲ್ಲ, ಕಂಚಿಯ ಸೆಟ್ಟಿ. ಕತ್ತಿ ಹೋಗಿದೆ, ಯುದ್ಧ ಹೋಗಿದೆ. ಭಕ್ತಿ ಮಾತ್ರ ಉಳಿದಿದೆ. ಬಾದಾಮಿಯಿಂದ ಕೂಡಲಸಂಗಮ ಒಂದು ದಿನದಲ್ಲಿ ಹೋಗಿ ಬರೋ ದೂರ. ಅಷ್ಟು ಹತ್ತಿರದಲ್ಲಿ ಆ ಹೆಸರು ಹೇಳಿದವರಿಗೆ, ಇವನು ನಮ್ಮೂರನ್ನ ಸುಟ್ಟವನು ಅಂತ ಕಥೆ ಹೇಳಲೇ ಇಲ್ಲ. ಹಿಡನ್ ಆಬ್ಜೆಕ್ಟ್ ಅಂದ್ರೆ ಇದು. ಪಟ್ಟಿಯಲ್ಲಿದೆ, ಚಿತ್ರದಲ್ಲಿ ಇಲ್ಲ.

ಯಾರ ಚೀಲ?

ಗಣಪತಿಯ ಕಥೆಯೂ ಇದೆ. ಪರಂಜೋತಿ ಬಾದಾಮಿಯಿಂದ ಗಣೇಶನ ಮೂರ್ತಿ ಒಯ್ದ, ಅದನ್ನ ತನ್ನೂರು ತಿರುಚೆಂಗಾಟ್ಟಂಗುಡಿಯಲ್ಲಿ ಇಟ್ಟ ಅನ್ನೋ ನಂಬಿಕೆ. ಮುತ್ತುಸ್ವಾಮಿ ದೀಕ್ಷಿತರ 'ವಾತಾಪಿ ಗಣಪತಿಂ' ಕೇಳದ ಕಛೇರಿ ಇಲ್ಲ. ಆದ್ರೆ 'ಪೆರಿಯ ಪುರಾಣ' ಲೂಟಿಯ ಆನೆ, ಕುದುರೆ, ರತ್ನ ಹೇಳತ್ತೆ, ಗಣೇಶನನ್ನ ಹೇಳಲ್ಲ. ಹಾಗಾಗಿ ಇತಿಹಾಸಕಾರರು ಇದನ್ನ ಅನುಮಾನದಿಂದಲೇ ನೋಡ್ತಾರೆ. ಆದ್ರೂ ಈ ಕಥೆ ಎತ್ತೋ ಪ್ರಶ್ನೆ ದೊಡ್ಡದು. ಒಂದು ವಸ್ತುವನ್ನ ಜಾಗದಿಂದ ಎತ್ತಿದಾಗ ಏನಾಗತ್ತೆ?

ಗೇಮ್‌ನಲ್ಲಿ ಏನೂ ಆಗಲ್ಲ, ಪಾಯಿಂಟ್ ಬರತ್ತೆ. ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. ಪುಲಕೇಶಿಯ ಶಾಸನ ಆ ಬಂಡೆ ಮೇಲೇ ಇರೋದ್ರಿಂದ ಆ ಬೆಟ್ಟವೇ ಕೋಟೆ ಅಂತ ಗೊತ್ತಾಯ್ತು. ನರಸಿಂಹವರ್ಮನ ಸಾಲುಗಳು ಕಂಚಿಯಲ್ಲಿ ಸಿಕ್ಕಿದ್ರೆ ಬರೀ ಬಡಾಯಿ ಅನ್ನಬಹುದಿತ್ತು. ಬಾದಾಮಿಯಲ್ಲೇ ಇರೋದ್ರಿಂದ ಅದು ಸಾಕ್ಷಿ.

ನಮ್ಮ ಕಡೆ ಇನ್ನೊಂದು ಕರಾಳ ಕಥೆ ಇನ್ನೂ ಜೀವಂತ: ಹಳೇ ಗುಡಿ ಕೆಳಗೆ ನಿಧಿ ಇದೆ, ಅದನ್ನ ಹಾವು ಕಾಯ್ತಿದೆ, ಅದಕ್ಕೆ ಬಲಿ ಬೇಕು. ಈ ಕಥೆ ನಂಬಿ ಲಿಂಗ ಕಿತ್ತವರು, ನಂದಿ ಒಡೆದವರು ಇದ್ದಾರೆ. ಅಲ್ಲಿ ಹಾಳಾಗೋದು ಕಲ್ಲಷ್ಟೇ ಅಲ್ಲ, ಆ ಕಲ್ಲು ಹೇಳಬೇಕಿದ್ದ ಮಾತು. ಕಾನೂನೂ ಸ್ಪಷ್ಟ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಹುಡುಕಿ, ಮುಟ್ಟಬೇಡಿ

ಹುಡುಕೋ ಆಟ ನಮಗೇನೂ ಹೊಸದಲ್ಲ. ಇಳಕಲ್ ಸೀರೆ ಮೇಲೆ ಕಸೂತಿ ಹಾಕಿದ್ದು ಸಿಕ್ಕರೆ ಬಿಡಿಸಿ ಹಿಡೀರಿ. ಆನೆ, ತೇರು, ಗೋಪುರ, ನವಿಲು, ತುಳಸಿಕಟ್ಟೆ. ಎಳೆ ಎಣಿಸಿ ಹಾಕಿದ ಪಟ್ಟಿ ಅದು.

ಬಾದಾಮಿಯ ಒಂದನೇ ಗುಹೆಯಲ್ಲಿ ಎಲ್ಲರೂ ಹದಿನೆಂಟು ಕೈಯ ನಟರಾಜನ ಮುಂದೆ ಸೆಲ್ಫಿ ತಗೊಂಡು ಹೊರಡ್ತಾರೆ. ನೀವು ತಿರುಗಿ ದ್ವಾರಪಾಲಕನ ಕಾಲಡಿ ನೋಡಿ. ಅಲ್ಲಿ ಒಂದೇ ತಲೆಗೆ ಎರಡು ಮೈ. ಒಂದು ಕಡೆಯಿಂದ ನೋಡಿದ್ರೆ ಆನೆ, ಇನ್ನೊಂದು ಕಡೆಯಿಂದ ಬಸವ. ಆರನೇ ಶತಮಾನದ ಶಿಲ್ಪಿ ನಿಮಗಾಗಿ ಬಿಟ್ಟ ಒಗಟು. ಹಿಂಟ್ ಬಟನ್ ಬೇಡ, ಎರಡು ಹೆಜ್ಜೆ ಆಚೆ ಈಚೆ ಸರಿದ್ರೆ ಸಾಕು.

ಸಿಕ್ಕಿದ್ದನ್ನ ಅಲ್ಲೇ ಬಿಟ್ಟು ಬನ್ನಿ, ನಿಮ್ಮ ತಂಗಿ ತಮ್ಮಂದಿರೂ ಹುಡುಕಬೇಕಲ್ಲ. ಮತ್ತೆ, ಮೊಬೈಲ್ ಗಟ್ಟಿಯಾಗಿ ಹಿಡ್ಕೊಳ್ಳಿ. ಬಾದಾಮಿಯ ಮಂಗಗಳಿಗೂ ಈ ಆಟ ಚೆನ್ನಾಗಿ ಬರತ್ತೆ.