ಗುಲಾಮನೊಬ್ಬನ ನುಡಿಮುತ್ತುಗಳು

ನಮ್ಮ ಶಾಲೆಯಲ್ಲಿ ಕಪ್ಪುಹಲಗೆಯ ಮೂಲೆಯಲ್ಲಿ ದಿನಕ್ಕೊಂದು ನುಡಿಮುತ್ತು ಬರೆಯುವುದು ವಾಡಿಕೆಯಾಗಿತ್ತು. ನನ್ನ ಸರದಿ ಬಂದಾಗ ಅಕ್ಷರ ದುಂಡಗಿರಲಿ ಎಂಬುದಷ್ಟೇ ಚಿಂತೆ. ಅದನ್ನು ಹೇಳಿದವರು ಯಾರು, ಯಾವ ಕಷ್ಟ ಕಂಡು ಹೇಳಿದರು ಎಂದು ಕೇಳಿದವನಲ್ಲ. ಪ್ರಾಚೀನ ರೋಮಿನ ಶಾಲೆಗಳಲ್ಲೂ ಮಕ್ಕಳು ಇಂಥ ನುಡಿಗಳನ್ನು ಓದುತ್ತಿದ್ದರು. ಅವುಗಳಲ್ಲಿ ಕೆಲವನ್ನು ಬರೆದ ಪುಬ್ಲಿಲಿಯಸ್ ಸೈರಸ್ ಒಂದು ಕಾಲಕ್ಕೆ ಗುಲಾಮನಾಗಿದ್ದವನು.

ಸಿರಿಯಾದ ಈ ಹುಡುಗನನ್ನು ಕ್ರಿ.ಪೂ. ಒಂದನೇ ಶತಮಾನದಲ್ಲಿ ಇಟಲಿಗೆ ತಂದರು. ಕಡಲಾಚೆಯಿಂದ ಬಂದ ಗುಲಾಮರ ಪಾದಗಳಿಗೆ ಬಿಳಿ ಮಣ್ಣು ಬಳಿದು ಮಾರಾಟಕ್ಕೆ ನಿಲ್ಲಿಸುತ್ತಿದ್ದ ಕಾಲವದು. ಅದೇ ಹಡಗಿನಲ್ಲಿ ಸ್ಟಬೇರಿಯಸ್ ಈರೋಸ್ ಎಂಬ ಇನ್ನೊಬ್ಬ ಗುಲಾಮನೂ ಬಂದನೆಂದು ಹಿರಿಯ ಪ್ಲಿನಿ ಬರೆದಿದ್ದಾನೆ. ಈರೋಸ್ ಮುಂದೆ ವ್ಯಾಕರಣ ಕಲಿಸುವ ಗುರುವಾದ. ಸರ್ವಾಧಿಕಾರಿ ಸುಲ್ಲಾ ತನ್ನ ವಿರೋಧಿಗಳ ಹೆಸರುಗಳನ್ನು ಪಟ್ಟಿ ಮಾಡಿ ಕೊಲ್ಲಿಸುತ್ತಿದ್ದಾಗ, ಅಂಥವರ ಮಕ್ಕಳಿಗೆ ಈರೋಸ್ ಶುಲ್ಕವಿಲ್ಲದೆ ಪಾಠ ಹೇಳಿದನೆಂದು ಸ್ಯೂಟೋನಿಯಸ್ ತಿಳಿಸುತ್ತಾನೆ.

ಪುಬ್ಲಿಲಿಯಸ್ಸನ ಜಾಣತನ ಮೆಚ್ಚಿದ ಯಜಮಾನ ಅವನಿಗೆ ವಿದ್ಯೆ ಕೊಡಿಸಿ ಬಿಡುಗಡೆ ಮಾಡಿದ. ಅವನು ಹಾಸ್ಯ ನಾಟಕಗಳನ್ನು ಬರೆದು, ತಾನೇ ನಟಿಸಿ ಊರೂರುಗಳಲ್ಲಿ ಹೆಸರಾದ. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್ ನಡೆಸಿದ ಉತ್ಸವದಲ್ಲಿ ಉಳಿದ ನಾಟಕಕಾರರಿಗೆ ಸವಾಲು ಹಾಕಿ ಎಲ್ಲರನ್ನೂ ಗೆದ್ದ. ಸೋತವರಲ್ಲಿ ಅರವತ್ತು ವರ್ಷದ ಕುಲೀನ ಲಬೇರಿಯಸ್ ಕೂಡ ಇದ್ದ. ರಂಗವೇರಿ ನಟಿಸಿದರೆ ಅವನ ದರ್ಜೆಗೇ ಕುಂದು. ಆದರೂ ಸೀಸರ್ ಕೇಳಿದ ಮೇಲೆ ಇಲ್ಲವೆನ್ನುವಂತಿರಲಿಲ್ಲ. ಸೀಸರ್ 5 ಲಕ್ಷ ಸೆಸ್ಟರ್ಸ್ ಹಣ ಮತ್ತು ಚಿನ್ನದ ಉಂಗುರ ಕೊಟ್ಟು ಆ ದರ್ಜೆಯನ್ನು ಮರಳಿಸಿದನೇನೋ ನಿಜ, ಗೆಲುವು ಮಾತ್ರ ಗುಲಾಮನಾಗಿದ್ದವನಿಗೇ ಸಂದಿತು. ಇಬ್ಬರ ಮಾನ ಅವಮಾನಗಳನ್ನೂ ತೀರ್ಮಾನಿಸಿದ ಸೀಸರ್ ಕ್ರಿ.ಪೂ. 44ರಲ್ಲಿ ಕೊಲೆಯಾದ.

ಪುಬ್ಲಿಲಿಯಸ್ ಅದೃಷ್ಟವನ್ನು ಗಾಜಿಗೆ ಹೋಲಿಸಿದ. ಶಾಂತ ಕಡಲಿನಲ್ಲಿ ಹಡಗು ನಡೆಸುವುದು ಹೆಚ್ಚುಗಾರಿಕೆಯಲ್ಲವೆಂದ. ಇಲ್ಲದವನಿಗೆ ಮಾಡುವ ಸಹಾಯ ತಡವಾಗಬಾರದೆಂದ. ಹಾರೈಕೆಯಿಂದ ಒದಗಿ ಬಂದದ್ದು ನಿಜವಾಗಿ ನಮ್ಮದಲ್ಲವೆಂಬ ಅವನ ವಿಚಾರವನ್ನು ತತ್ತ್ವಜ್ಞಾನಿ ಸೆನೆಕಾ ಗೆಳೆಯನಿಗೆ ಬರೆದ ಪತ್ರದಲ್ಲಿ ಮೆಚ್ಚಿ ಎತ್ತಿ ಹೇಳಿದ್ದಾನೆ. ಪುಬ್ಲಿಲಿಯಸ್ಸನ ನಾಟಕಗಳು ಇಂದು ನಮಗೆ ಸಿಗುವುದಿಲ್ಲ. ಉಳಿದಿರುವುದು ಸುಮಾರು 700 ಒಂದೊಂದು ಸಾಲಿನ ನುಡಿಗಳು. ಅವುಗಳಲ್ಲೊಂದನ್ನು ಬಾಲಕನಾಗಿದ್ದಾಗ ಶಾಲೆಯಲ್ಲಿ ಓದಿದ್ದೆನೆಂದು ಸಂತ ಜೆರೋಮ್ ನಾಲ್ಕು ಶತಮಾನಗಳ ನಂತರವೂ ನೆನೆದಿದ್ದಾನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಕಂಪನಿ ಒಂದೇ ಇಮೇಲಿನಲ್ಲಿ ನಮ್ಮ ತಂಡವನ್ನೆಲ್ಲ ಮನೆಗೆ ಕಳಿಸಿತು. ಊರಿಗೆ ಬಂದರೂ ಅಪ್ಪನಿಗೆ ವಾರದವರೆಗೆ ಹೇಳಲಿಲ್ಲ. ಈ ರೋಮನ್ನನನ್ನು ಓದಿದ್ದು ಆ ಬಿಡುವಿನಲ್ಲೇ. ಕೆಲಸ, ಸಂಬಳ, ಕುತ್ತಿಗೆಯ ಗುರುತಿನ ಚೀಟಿ ಎಲ್ಲವೂ ಗಾಜೇ ಆಗಿದ್ದವು. ಕಲಿತ ವಿದ್ಯೆ ಗಾಜಾಗಿರಲಿಲ್ಲ. ಅದರಿಂದಲೇ ಮತ್ತೆ ಕೆಲಸ ಸಿಕ್ಕಿತು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುನ್ನ ಒಂದು ಪೈಸೆ ಪಡೆಯದೆ ರಾತ್ರಿ ಎಂಟರವರೆಗೆ ನಮಗೆ ಗಣಿತ ಹೇಳಿಕೊಟ್ಟ ಗುರುಗಳನ್ನು, ಈರೋಸನ ಕಥೆ ಓದುವಾಗಲೆಲ್ಲ ನೆನೆಯುತ್ತೇನೆ. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಅವರಿಗೆ ನನ್ನ ನಮಸ್ಕಾರ. ಆ ಕಪ್ಪುಹಲಗೆಯ ಮೂಲೆಯಲ್ಲಿ ಇಂದಿಗೂ ದಿನಕ್ಕೊಂದು ನುಡಿ ಬರೆಯಲಿ ಎಂಬುದೇ ನನ್ನ ಕೋರಿಕೆ.