ದೇವರ ಮೇಲಿನ ದೂರು
ದೇವರು ಕರುಣಾಳುವಾದರೆ ಒಬ್ಬನಿಗೆ ಹಾಲು, ಇನ್ನೊಬ್ಬನಿಗೆ ಹಸಿವು ಯಾಕೆ? ಬ್ರಹ್ಮಸೂತ್ರ ಈ ದೂರನ್ನು ‘ವೈಷಮ್ಯ, ನೈರ್ಘೃಣ್ಯ’ ಎಂದು ಕರೆದಿದೆ: ಪಕ್ಷಪಾತ, ನಿರ್ದಯೆ. 13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಕೊಟ್ಟ ಉತ್ತರ ಖಾರವಾದದ್ದು. ಜೀವರ ಸ್ವಭಾವ ಅನಾದಿ. ದೇವರು ಕರ್ಮಕ್ಕೆ ತಕ್ಕ ಫಲ ಕೊಡುವವನು. ಕೆಲವು ಜೀವರಿಗೆ ಕತ್ತಲೇ ಗತಿ ಎಂದೂ ಅವರು ಹೇಳಿದರು. ದೇವರೇನೋ ದೋಷಮುಕ್ತನಾದ, ಆ ಜೀವರ ಪಾಡು?

ಕಾರ್ಕಳದ ಬಂಡೆಗುಡ್ಡದ ಮೇಲೆ ಈ ಮೊಕದ್ದಮೆಯೇ ನಿಲ್ಲದು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಬಾಹುಬಲಿ ಲೋಕ ಸೃಷ್ಟಿಸಿದವನಲ್ಲ. ಜೈನರಿಗೆ ಸೃಷ್ಟಿಕರ್ತನೇ ಇಲ್ಲ.

ಕಾಪುವಿನಲ್ಲಿ ವಾದವಿಲ್ಲ. ಸಿಡುಬು ತರುತ್ತಿದ್ದವಳೂ ದೇವಿ ಮಾರಿ, ಇಳಿಸುತ್ತಿದ್ದವಳೂ ಅವಳೇ. ಸುಗ್ಗಿ ಮಾರಿಪೂಜೆಗೆ ಜನ ಅಟ್ಟೆಗಟ್ಟಲೆ ಮಲ್ಲಿಗೆ ಹಿಡಿದು ಸಾಲು ನಿಲ್ಲುತ್ತಾರೆ. ಹೂ ಪಕ್ಕದ ಶಂಕರಪುರದ್ದು. ಪೂಜೆ ಹತ್ತಿರವಾದಂತೆ ದರವೂ ಏರುತ್ತದೆ.